ನಕ್ಷತ್ರನೌಕೆಯಲ್ಲಿ ಶಿಸ್ತು ಮತ್ತು ವೈವಿಧ್ಯ

ಅಮೆರಿಕದ ಟೆಲಿವಿಷನ್ನಿನಲ್ಲಿ 1966ರ ಸೆಪ್ಟೆಂಬರ್ 8ರಂದು ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥಾಮಾಲೆಯೊಂದು ಮೊದಲಾಯಿತು. ‘ಎಂಟರ್‌ಪ್ರೈಸ್’ ಎಂಬ ನೌಕೆ ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುತ್ತ, ಹೊಸ ಲೋಕಗಳನ್ನೂ ಹೊಸ ಜೀವಿಗಳನ್ನೂ ಕಾಣುವುದೇ ಅದರ ವಸ್ತು. ಮೂರು ವರ್ಷ ನಡೆದು, 79 ಕಂತುಗಳ ತರುವಾಯ ಅದು ನಿಂತುಹೋಯಿತು. ಆದರೆ ಅಭಿಮಾನಿಗಳು ಸುಮ್ಮನಾಗಲಿಲ್ಲ. ಅವರ ಉತ್ಸಾಹದ ಬಲದಿಂದ ಚಲನಚಿತ್ರಗಳೂ ಹೊಸ ಮಾಲೆಗಳೂ ಒಂದರ ಹಿಂದೊಂದು ಹುಟ್ಟಿಕೊಂಡುವು. ಅವುಗಳೊಡನೆ ವಾದಗಳೂ ಬೆಳೆದುವು. ಆ ವಾದಗಳಲ್ಲೊಂದನ್ನು ಇಲ್ಲಿ ಎತ್ತಿಕೊಳ್ಳುತ್ತೇವೆ. ನಕ್ಷತ್ರನೌಕೆಯ ಸಿಬ್ಬಂದಿಗೆ ಸೈನ್ಯದ ಶಿಸ್ತು ಬೇಕೆ? ನಾನಾ ಜನಾಂಗದ, ನಾನಾ ಸ್ವಭಾವದ ಜನರನ್ನು ಒಂದೆಡೆ ಕೂಡಿಸಿದರೆ ಆ ಶಿಸ್ತು ಸಡಿಲವಾಗುವುದೆ?

2017ರ ಸೆಪ್ಟೆಂಬರಿನಲ್ಲಿ ಆರಂಭವಾಗಿ 2024ರ ಮೇ ತಿಂಗಳಲ್ಲಿ ಮುಗಿದ ‘ಡಿಸ್ಕವರಿ’ ಎಂಬ ಮಾಲೆ ಈ ವಾದವನ್ನು ಬಹಳವಾಗಿ ಕೆರಳಿಸಿತು. ಅದರ ನಾಯಕಿ ಮೈಕೇಲ್ ಬರ್ನ್‌ಹ್ಯಾಮ್ ಆಫ್ರಿಕನ್ ಮೂಲದ ಮಹಿಳೆ. ಮೊದಲ ಕಂತಿನಲ್ಲಿಯೇ ಅವಳು ತನ್ನ ಕ್ಯಾಪ್ಟನ್ನಳ ಪ್ರಜ್ಞೆ ತಪ್ಪಿಸಿ, ಶತ್ರುವಿನ ಮೇಲೆ ಅಸ್ತ್ರ ಹೂಡಲು ತಾನೇ ಆಜ್ಞೆ ಕೊಡುತ್ತಾಳೆ. ದಂಗೆಯ ಅಪರಾಧಕ್ಕಾಗಿ ಅವಳಿಗೆ ಜೀವಾವಧಿ ಸೆರೆವಾಸದ ಶಿಕ್ಷೆಯಾಗುತ್ತದೆ. ಮಾಲೆಯ ಮೂರನೆಯ ಭಾಗದಲ್ಲಿ, ಆಜ್ಞೆ ಮೀರಿದ್ದಕ್ಕಾಗಿ ಉಪನಾಯಕಿಯ ಸ್ಥಾನ ಕಳೆದುಕೊಂಡ ಅವಳೇ, ಆ ಭಾಗ ಮುಗಿಯುವುದರೊಳಗೆ ನೌಕೆಯ ಕ್ಯಾಪ್ಟನ್ ಆಗುತ್ತಾಳೆ. ನಡುವೆ ಟಿಲ್ಲಿ ಎಂಬ ಎನ್‌ಸೈನ್, ಎಂದರೆ ಅಧಿಕಾರಿಗಳಲ್ಲಿ ಕಟ್ಟಕಡೆಯ ದರ್ಜೆಯವಳು, ಹಿರಿಯರನ್ನು ದಾಟಿ ಹಂಗಾಮಿ ಉಪನಾಯಕಿಯಾಗುತ್ತಾಳೆ.

ಇದನ್ನು ಕಂಡು ಅಭಿಮಾನಿಗಳಲ್ಲಿ ಒಂದು ಪಕ್ಷದವರು, ಇದು ಎಂತಹ ಸೈನ್ಯ, ವೈವಿಧ್ಯದ ಹೆಸರಿನಲ್ಲಿ ಶಿಸ್ತನ್ನು ಗಾಳಿಗೆ ತೂರಿದ್ದಾರೆ ಎಂದು ದೂರಿದರು. ಇನ್ನೊಂದು ಪಕ್ಷದವರು, ಸ್ಟಾರ್‌ಫ್ಲೀಟ್ ಸೈನ್ಯವೇ ಅಲ್ಲ, ಅದು ಅನ್ವೇಷಕರ ಸಂಘ, ಶಿಸ್ತಿನ ಮಾತೆಲ್ಲ ಹೆಂಗಸರನ್ನೂ ಬೇರೆ ಬಣ್ಣದವರನ್ನೂ ಸಹಿಸಲಾರದವರ ನೆಪ ಎಂದು ಮರುನುಡಿದರು. ಇಬ್ಬರ ಮಾತಿನಲ್ಲಿಯೂ ಕೊಂಚ ಸತ್ಯವಿದೆ. ಆದರೆ ಶಿಸ್ತು ಹೆಚ್ಚಿದಷ್ಟೂ ವೈವಿಧ್ಯ ತಗ್ಗಬೇಕು, ವೈವಿಧ್ಯ ಹೆಚ್ಚಿದಷ್ಟೂ ಶಿಸ್ತು ತಗ್ಗಬೇಕು ಎಂದು ಇಬ್ಬರೂ ತಿಳಿದಂತಿದೆ. ಈ ತಿಳಿವಳಿಕೆಯೇ ತಪ್ಪೆಂದು ನಾವು ಹೇಳುತ್ತೇವೆ.

ಮೊದಲು ಇತಿಹಾಸವನ್ನು ನೋಡೋಣ. ವೈವಿಧ್ಯವು ಈಚೆಗೆ ಒಳನುಸುಳಿದ್ದೆಂಬುದು ಸರಿಯಲ್ಲ. 1966ರ ನೌಕೆಯಲ್ಲಿಯೇ ಆಫ್ರಿಕನ್ ಮೂಲದ ಉಹೂರಾ, ಏಷ್ಯ ಮೂಲದ ಸುಲು, ಅನ್ಯಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದ ಸ್ಪಾಕ್ ಅಧಿಕಾರಿಗಳಾಗಿದ್ದರು. ಶೀತಲ ಸಮರದ ಆ ಕಾಲದಲ್ಲಿ, ಮರುವರ್ಷವೇ ಚೆಕೊವ್ ಎಂಬ ರಷ್ಯನ್ನನೂ ಬಂದು ಸೇರಿದನು. ಸುಲುವಿನ ಪಾತ್ರ ವಹಿಸಿದ ಜಾರ್ಜ್ ಟಕೇಯಿ, ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಬಾಲ್ಯದಲ್ಲಿ ಕುಟುಂಬದೊಡನೆ ಅಮೆರಿಕದ ಬಂಧನ ಶಿಬಿರದಲ್ಲಿದ್ದವರು. ಆದರೆ ಸೈನ್ಯದ ರೀತಿನೀತಿಯೂ ಮಾಲೆಯಲ್ಲಿ ಮೊದಲಿನಿಂದಲೇ ಇತ್ತು. ಅದನ್ನು ಕಲ್ಪಿಸಿದ ಜೀನ್ ರಾಡನ್‌ಬೆರಿ ಅದೇ ಯುದ್ಧದಲ್ಲಿ ಬಾಂಬರ್ ವಿಮಾನ ನಡೆಸಿದವರು. ದರ್ಜೆ, ಆಜ್ಞೆ, ಸೈನಿಕ ನ್ಯಾಯಾಲಯ ಎಲ್ಲವೂ ಆ ನೌಕೆಯಲ್ಲಿದ್ದುವು. ಇವೆರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೆಂಬುದನ್ನು ಎರಡು ಪಕ್ಷದವರೂ ಮರೆತಿದ್ದಾರೆ.

ಅವು ಹೇಗೆ ಕೂಡಿ ಬಾಳಿದುವೆಂಬುದಕ್ಕೆ 1966ರ ಡಿಸೆಂಬರಿನಲ್ಲಿ ಪ್ರಸಾರವಾದ ‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ ಕಂತು ಒಳ್ಳೆಯ ನಿದರ್ಶನ. ಅಲ್ಲಿ ಶತ್ರುಗಳ ಮುಖ ಮೊದಲ ಸಲ ಕಾಣಿಸಿದಾಗ, ಅದು ಸ್ಪಾಕ್‌ನ ಮುಖವನ್ನು ಹೋಲುತ್ತದೆ. ಹಿಂದಿನ ಯುದ್ಧದಲ್ಲಿ ಪೂರ್ವಿಕರನ್ನು ಕಳೆದುಕೊಂಡಿದ್ದ ಸ್ಟೈಲ್ಸ್ ಎಂಬ ಅಧಿಕಾರಿ ಒಡನೆಯೇ ಸ್ಪಾಕ್‌ನನ್ನು ಸಂಶಯಿಸುತ್ತಾನೆ. ಕ್ಯಾಪ್ಟನ್ ಕರ್ಕ್ ಆ ದ್ವೇಷಕ್ಕೆ ನೌಕೆಯ ಅಟ್ಟಣೆಯ ಮೇಲೆ ಎಡೆಯಿಲ್ಲವೆಂದು ಗದರಿಸುತ್ತಾನೆ. ಆದರೂ ಸಮಾಲೋಚನೆಯಲ್ಲಿ ಸ್ಟೈಲ್ಸ್ ತನ್ನ ಅಭಿಪ್ರಾಯ ಹೇಳುವುದಕ್ಕೆ ಅಡ್ಡಿಯಿಲ್ಲ. ಶತ್ರುವಿನ ಮೇಲೆ ಬೀಳಬೇಕೆಂಬ ಆ ಸಲಹೆಯನ್ನು ಸ್ವತಃ ಸ್ಪಾಕ್ ಎತ್ತಿಹಿಡಿಯುತ್ತಾನೆ. ಇಲ್ಲಿ ಅಲ್ಪಸಂಖ್ಯಾತನಾದ ಸ್ಪಾಕ್‌ಗೆ ರಕ್ಷಣೆ ಕೊಟ್ಟದ್ದು ಯಾವುದು? ಕ್ಯಾಪ್ಟನ್ನನ ಆಜ್ಞೆ, ಎಂದರೆ ಶಿಸ್ತು. ಅದಿಲ್ಲದಿದ್ದರೆ ಗುಂಪಿನ ಸಂಶಯವೇ ಗೆಲ್ಲುತ್ತಿತ್ತು. ಕಥೆಯ ಹೊರಗೂ ಹೀಗೆಯೇ ನಡೆದಿದೆ. 1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಅಮೆರಿಕದ ಸೇನೆಯಲ್ಲಿ ವರ್ಣಭೇದ ಕೂಡದೆಂದು ಆಜ್ಞೆ ಮಾಡಿದರು. ಆ ದೇಶದ ಅನೇಕ ಊರುಗಳ ಶಾಲೆಗಳಲ್ಲಿ, ಬಸ್ಸುಗಳಲ್ಲಿ ಬಿಳಿಯರೂ ಕರಿಯರೂ ಬೇರೆ ಬೇರೆ ಕೂರಬೇಕಾಗಿದ್ದ ಕಾಲ ಅದು.

ವೈವಿಧ್ಯದ ಪ್ರಯೋಜನವನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗೋಣ. ಸ್ಕ್ರೂ ಗೇಜ್‌ನಿಂದ ತಂತಿಯ ದಪ್ಪವನ್ನು ಅಳೆಯುವುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಉಪಕರಣದಲ್ಲಿ ಶೂನ್ಯದೋಷವಿದ್ದು, ಅದನ್ನು ಗಮನಿಸದೆ ನೂರು ಸಲ ಅಳೆದು ಸರಾಸರಿ ತೆಗೆದರೂ ಉತ್ತರ ತಪ್ಪೇ. ನೂರು ಅಳತೆಗಳೂ ಒಂದೇ ಕಡೆಗೆ ವಾಲಿರುತ್ತವೆ. ಅವು ಪರಸ್ಪರ ಒಪ್ಪುವುದರಿಂದ ತಪ್ಪಿನ ಮೇಲೆ ನಮ್ಮ ನಂಬಿಕೆ ಹೆಚ್ಚುತ್ತದೆ, ಅಷ್ಟೆ. ಬೇರೊಂದು ಬಗೆಯ ಉಪಕರಣದಿಂದ ಅಳೆದಾಗ ಆ ದೋಷ ಬಯಲಾಗುತ್ತದೆ. ಒಂದೇ ಬಗೆಯ ಶಿಕ್ಷಣ, ಒಂದೇ ಬಗೆಯ ಅನುಭವವುಳ್ಳ ಹತ್ತು ಮಂದಿ ಒಂದು ಮಾತನ್ನು ಒಪ್ಪಿದರೆ ಅದಕ್ಕೂ ಇಷ್ಟೇ ಬೆಲೆ. ಆದರೆ ಹತ್ತು ಬಗೆಯ ಉಪಕರಣಗಳಿದ್ದೂ ಅಳತೆಗಳನ್ನು ಕ್ರಮವಾಗಿ ಬರೆದಿಡದಿದ್ದರೆ ಅವು ಯಾತಕ್ಕೂ ಬಾರವು. ವೈವಿಧ್ಯ ದೋಷವನ್ನು ತೋರಿಸುತ್ತದೆ; ತೋರಿದ್ದನ್ನು ಗಮನಕ್ಕೆ ತಂದು ತೀರ್ಮಾನ ಮಾಡುವುದು ಶಿಸ್ತಿನ ಕೆಲಸ.

ನೌಕೆಯಲ್ಲಿ ತೀರ್ಮಾನ ಅಲ್ಲಿಯೇ ಆಗಬೇಕು. ಮಂಗಳಗ್ರಹಕ್ಕೆ ರೇಡಿಯೋ ಸಂದೇಶ ತಲಪಲು, ಗ್ರಹಗಳ ಸ್ಥಾನಕ್ಕನುಸಾರವಾಗಿ, ಸುಮಾರು 3ರಿಂದ 22 ನಿಮಿಷ ಬೇಕು. ಉತ್ತರಕ್ಕೆ ಮತ್ತೆ ಅಷ್ಟೇ ಕಾಲ. ನೌಕೆ ಹೊತ್ತಿಕೊಂಡಾಗ ಭೂಮಿಯನ್ನು ಕೇಳುತ್ತ ಕೂರಲಾಗದು, ಮತ ಎಣಿಸುತ್ತ ಕೂರಲೂ ಆಗದು. ಒಬ್ಬರ ಮಾತು ನಡೆಯಲೇಬೇಕು. ಆದರೆ ಆ ಒಬ್ಬರ ಕಿವಿ ಮುಚ್ಚಿದ್ದರೆ ಏನಾಗುವುದೆಂಬುದನ್ನು ವಿಮಾನಯಾನ ಬಹು ದುಬಾರಿಯಾಗಿ ಕಲಿತಿದೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದಿದ್ದಾಗ ಎರಡು ಜಂಬೋ ವಿಮಾನಗಳು ಓಡುಹಾದಿಯಲ್ಲಿ ಡಿಕ್ಕಿಯಾಗಿ 583 ಮಂದಿ ಸತ್ತರು. ಡಚ್ ವಿಮಾನ ಹೊರಟಾಗ ಅದರ ಎಂಜಿನಿಯರ್, ಎದುರಿನ ವಿಮಾನ ಇನ್ನೂ ಸರಿದಿಲ್ಲವೇ ಎಂದು ಕೇಳಿದನು. ಸರಿದಿದೆಯೆಂದು ಹಿರಿಯ ಕ್ಯಾಪ್ಟನ್ ಖಂಡಿತವಾಗಿ ಉತ್ತರವಿತ್ತನು. ಎಂಜಿನಿಯರ್ ಮತ್ತೆ ಮಾತೆತ್ತಲಿಲ್ಲ. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದುವು. ಈ ಮೌನವೂ ಒಂದು. ಇಂತಹ ದುರಂತಗಳ ತರುವಾಯ ವೈಮಾನಿಕರಿಗೆ ಹೊಸ ಶಿಕ್ಷಣ ಬಂದಿತು: ಕಿರಿಯನು ಸಂಶಯವನ್ನು ಸ್ಪಷ್ಟವಾಗಿ ಹೇಳತಕ್ಕದ್ದು, ಹಿರಿಯನು ಕೇಳತಕ್ಕದ್ದು, ಕೊನೆಯ ನಿರ್ಧಾರ ಕ್ಯಾಪ್ಟನ್ನನದು. ಇದರಿಂದ ಶಿಸ್ತು ಸಡಿಲವಾಗಲಿಲ್ಲ. ಕೇಳುವುದೂ ಹೇಳುವುದೂ ಶಿಸ್ತಿನ ಭಾಗವೇ ಆದುವು.

ಈ ಒರೆಗಲ್ಲಿಗೆ ಕಥೆಗಳನ್ನು ತಿಕ್ಕಿ ನೋಡಬಹುದು. 1992ರ ‘ಚೈನ್ ಆಫ್ ಕಮಾಂಡ್’ ಎಂಬ ಎರಡು ಕಂತುಗಳ ಕಥೆಯಲ್ಲಿ ಜೆಲಿಕೊ ಎಂಬ ಹೊಸ ಕ್ಯಾಪ್ಟನ್ ಬಂದು, ಮೂರು ಪಾಳಿಯ ಕೆಲಸವನ್ನು ನಾಲ್ಕು ಪಾಳಿಗೆ ಬದಲಿಸಲು ಹೇಳುತ್ತಾನೆ. ಉಪನಾಯಕ ರೈಕರ್ ಅದನ್ನು ತಡಮಾಡುತ್ತಾನೆ. ತಪ್ಪು ಯಾರದೆಂದು ಅಭಿಮಾನಿಗಳು ಬಹುಕಾಲದಿಂದ ಜಗಳವಾಡುತ್ತ ಬಂದಿದ್ದಾರೆ. ಇಬ್ಬರದೂ ತಪ್ಪೆಂದು ನಮ್ಮ ಮತ. ಒಬ್ಬನು ಕೇಳಲಿಲ್ಲ, ಇನ್ನೊಬ್ಬನು ಹೇಳಿದ ಮೇಲೂ ಆಜ್ಞೆಯನ್ನು ನಡೆಸಲಿಲ್ಲ. ‘ಡಿಸ್ಕವರಿ’ಯ ದೋಷವೂ ಇದೇ ಜಾತಿಯದು. ಬರ್ನ್‌ಹ್ಯಾಮ್ ಆಜ್ಞೆ ಮೀರಿದ್ದಕ್ಕೆ ತೆರಬೇಕಾದ ಬೆಲೆಯನ್ನು ಕಥೆಗಾರರು ಬೇಗ ಮನ್ನಾ ಮಾಡಿಬಿಟ್ಟರು. ಈ ಆಕ್ಷೇಪಣೆ ನ್ಯಾಯವಾದದ್ದು. ಆದರೆ ಅದಕ್ಕೂ ಅವಳ ಬಣ್ಣಕ್ಕೂ ಹೆಣ್ತನಕ್ಕೂ ಏನೂ ಸಂಬಂಧವಿಲ್ಲ. ಮೊದಲ ಮಾಲೆಯ ಕರ್ಕ್ ಆಜ್ಞೆ ಮೀರಿದಾಗ ನಗುತ್ತ ಮನ್ನಿಸಿದವರು, ಬರ್ನ್‌ಹ್ಯಾಮ್‌ಳ ಸರದಿ ಬಂದಾಗ ನಿಯಮದ ಪುಸ್ತಕ ತೆರೆದರೆ, ಅವರ ಕಳವಳ ಶಿಸ್ತಿನದೋ ಬೇರೆಯದೋ ಎಂದು ಅವರೇ ತಮ್ಮನ್ನು ಕೇಳಿಕೊಳ್ಳಬೇಕು.

ಕಥೆಯ ವಿಷಯಕ್ಕೆ ಇಷ್ಟು ಚರ್ಚೆ ಏತಕ್ಕೆಂದು ವಾಚಕರು ಕೇಳಬಹುದು. 1959ರಲ್ಲಿ ಅಮೆರಿಕ ಆರಿಸಿದ ಮೊದಲ ಏಳು ಗಗನಯಾತ್ರಿಗಳೆಲ್ಲರೂ ಸೇನೆಯ ಪರೀಕ್ಷಾ ವೈಮಾನಿಕರು, ಎಲ್ಲರೂ ಬಿಳಿಯ ಗಂಡಸರು. 1977ರಲ್ಲಿ ಹೊಸಬರನ್ನು ಆಹ್ವಾನಿಸುವ ಕೆಲಸಕ್ಕೆ ನಾಸಾ ಉಹೂರಾ ಪಾತ್ರದ ನಟಿ ನಿಶೆಲ್ ನಿಕಲ್ಸ್ ಅವರ ನೆರವು ಪಡೆಯಿತು. ಮರುವರ್ಷ ಆಯ್ಕೆಯಾದ 35 ಮಂದಿಯಲ್ಲಿ ಆರು ಮಹಿಳೆಯರೂ ಮೂವರು ಆಫ್ರಿಕನ್ ಮೂಲದವರೂ ಇದ್ದರು. 1992ರಲ್ಲಿ ಗಗನಕ್ಕೇರಿದ ಮೇ ಜೆಮಿಸನ್, ಬಾಲ್ಯದಲ್ಲಿ ಉಹೂರಾಳನ್ನು ಕಂಡು ಸ್ಫೂರ್ತಿ ಪಡೆದವರು. ಕಥೆ ಹೀಗೆ ಕಾರ್ಯವನ್ನು ತಿದ್ದಿತು.

ಈಗ ಈ ಪ್ರಶ್ನೆ ನಮ್ಮ ದೇಶದ ಮುಂದೆಯೂ ಇದೆ. ಗಗನಯಾನಕ್ಕಾಗಿ 2024ರ ಫೆಬ್ರವರಿಯಲ್ಲಿ ಹೆಸರಿಸಲಾದ ನಾಲ್ವರೂ ವಾಯುಸೇನೆಯ ಪರೀಕ್ಷಾ ವೈಮಾನಿಕರು. ಮೊದಲ ಯಾನಕ್ಕೆ ಇದು ಯುಕ್ತವೇ. ಅಪಾಯದಲ್ಲಿ ಕೈ ನಡುಗದಿರುವ ಅಭ್ಯಾಸ ಅವರಿಗಿದೆ. ಆದರೆ ಮುಂದಿನ ಯಾನಗಳಲ್ಲಿ ಮಹಿಳೆಯರೂ ಭೌತವಿಜ್ಞಾನಿಗಳೂ ವೈದ್ಯರೂ ಸೇರಬೇಕು; ಇದರಿಂದ ಶಿಸ್ತಿಗೆ ಕುಂದು ಬಂದೀತೆಂಬ ಅಂಜಿಕೆ ಬೇಡ. ಆ ನಾಲ್ವರಲ್ಲೊಬ್ಬರಾದ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ 2025ರ ಜೂನಿನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ, ಜೊತೆಗೆ ಪೋಲೆಂಡಿನವರೊಬ್ಬರೂ ಹಂಗೆರಿಯವರೊಬ್ಬರೂ ಇದ್ದರು. ಯಾನದ ಕಮಾಂಡರ್ ಆಗಿದ್ದವರು ಪೆಗ್ಗಿ ವಿಟ್‌ಸನ್. ಅವರು ಸೈನಿಕರಲ್ಲ, ಜೀವರಸಾಯನ ವಿಜ್ಞಾನಿ. ನಮ್ಮ ವಾಯುಸೇನೆಯ ಅಧಿಕಾರಿ ಆಕೆಯ ಕೈಕೆಳಗೆ ಕೆಲಸ ಮಾಡಿ, ಜುಲೈ 15ರಂದು ಕ್ಷೇಮವಾಗಿ ಭೂಮಿಗೆ ಮರಳಿದರು.