ಅಟ್ಟದ ನೆಲಕ್ಕೆ ಟೈಲ್ಸ್ ಹಾಕಿಸುವ ಮುನ್ನ

ನವಲಗುಂದ ತಾಲ್ಲೂಕಿನ ತಿರ್ಲಾಪುರವೇ ಮೊದಲಾದ ಎರೆನಾಡಿನ ಗ್ರಾಮಗಳಲ್ಲಿ ಹಿರಿಯರು ಕಟ್ಟಿಸಿದ ಅಟ್ಟದ ಮನೆಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಜೋಡಿಸಿದ ಹಲಗೆ, ಹಲಗೆಯ ಮೇಲೆ ನಾಲ್ಕಾರು ಅಂಗುಲ ಮಣ್ಣು, ಅದರ ಮೇಲೆ ಸಗಣಿಯ ಸಾರಣೆ. ಇದು ಆ ನೆಲದ ರಚನೆ. ವಾರವಾರವೂ ಬಾಗಿ ಸಾರಿಸುವ ಶ್ರಮವನ್ನು ತಲೆತಲಾಂತರದಿಂದ ಹೊತ್ತವರು ಮನೆಯ ಹೆಣ್ಣುಮಕ್ಕಳಾದುದರಿಂದ, ಅಲ್ಲಿ ಟೈಲ್ಸ್ ಹಾಕಿಸಬೇಕೆಂಬ ಇಂದಿನ ಅಪೇಕ್ಷೆಯು ಸಹಜವೂ ನ್ಯಾಯವೂ ಆದುದೆಂದೇ ನಾನು ತಿಳಿಯುತ್ತೇನೆ. ನನ್ನ ಆಕ್ಷೇಪಣೆ ಇರುವುದು ಕೆಲಸದ ಕ್ರಮವನ್ನು ಕುರಿತು. ಗೌಂಡಿಯನ್ನು ಕರೆಯಿಸಿ ಬಡಿಗನನ್ನು ಕರೆಯದೆ, ಮಣ್ಣಿನ ಮೇಲೆಯೇ ಸಿಮೆಂಟು ಉಸುಕಿನ ಹಾಸು ಸುರಿದು, ಎರಡೇ ದಿನಗಳಲ್ಲಿ ನೆಲವನ್ನು ಹೊಳೆಯಿಸಿಬಿಡುವ ಆತುರವು ಗಟ್ಟಿಮುಟ್ಟಾದ ಮನೆಗಳಿಗೂ ಕೇಡನ್ನು ತರುತ್ತಿದೆ.

ತೊಲೆ ಭಾರವನ್ನು ತಾಳೀತೇ ಎಂಬುದೊಂದೇ ಪ್ರಶ್ನೆಯೆಂದು ಬಹುಜನರ ಭಾವನೆ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ 2 ಅಂಗುಲದ ಹಾಸು ಹಾಕಿ ಟೈಲ್ಸ್ ಕೂಡಿಸಿದರೆ ಸುಮಾರು 13 ಕ್ವಿಂಟಲ್ ಹೊರೆಯಾಗುತ್ತದೆ. ಅಷ್ಟೇ ಜಾಗದ 4 ಅಂಗುಲ ಮಣ್ಣು ಇದಕ್ಕಿಂತ ಹೆಚ್ಚೇ ತೂಗುತ್ತದೆ. ಆದಕಾರಣ ಮಣ್ಣನ್ನು ಪೂರ್ತಿಯಾಗಿ ತೆಗೆದು ಟೈಲ್ಸ್ ಹಾಕಿಸುವವರಿಗೆ ಭಾರದ ಭಯ ದೊಡ್ಡದಲ್ಲ. ಮಣ್ಣನ್ನು ಉಳಿಸಿಕೊಂಡು ಅದರ ಮೇಲೆ ಹೊರಿಸುವವರು ಮಾತ್ರ ತೊಲೆಯ ತಾಳ್ಮೆಯನ್ನು ಪರೀಕ್ಷಿಸುತ್ತಾರೆ.

ನಿಜವಾದ ವೈರಿ ಭಾರವಲ್ಲ, ಬಾಗು. ಮರವು ಹೊರೆಗೆ ಬಾಗುವ ಪದಾರ್ಥ, ಟೈಲ್ಸಾದರೋ ಬಾಗಲರಿಯದೆ ಒಡೆಯುವ ಪದಾರ್ಥ. ಕಟ್ಟಡಗಳಲ್ಲಿ ಮರದ ಬಳಕೆಯನ್ನು ಕುರಿತ ಭಾರತೀಯ ಮಾನಕ ಐ.ಎಸ್. 883, ಟೈಲ್ಸಿನಂತಹ ಭಿದುರ ವಸ್ತುಗಳನ್ನು ಹೊರುವ ತೊಲೆಯು ತನ್ನ ಆಧಾರಗಳ ನಡುವಣ ಅಂತರದ 360ನೆಯ ಒಂದು ಪಾಲಿಗಿಂತ ಹೆಚ್ಚು ಬಾಗಕೂಡದೆಂದು ವಿಧಿಸಿ, ಉಳಿದವುಗಳಿಗೆ 240ನೆಯ ಒಂದು ಪಾಲಿನವರೆಗೆ ಸಡಿಲಿಕೆಯನ್ನು ಕೊಟ್ಟಿದೆ. 12 ಅಡಿಯ ತೊಲೆಗೆ ಇದು ಕ್ರಮವಾಗಿ 10 ಮತ್ತು 15 ಮಿಲಿಮೀಟರುಗಳ ಲೆಕ್ಕ. ಮಣ್ಣಿನ ನೆಲವು ಬಾಗಿಗೆ ಬಿರಿದರೆ ಮುಂದಿನ ಸಾರಣೆಯಲ್ಲಿ ಆ ಬಿರುಕು ಮುಚ್ಚಿಹೋಗುತ್ತಿತ್ತು. ಟೈಲ್ಸಿಗೆ ಆ ಸೌಲಭ್ಯವಿಲ್ಲ. ನಡುವೆ ಆಧಾರದ ತೊಲೆಯೊಂದನ್ನು ಕೊಟ್ಟು ಜಂತಿಗಳ ಆಧಾರಗಳ ನಡುವಣ ಅಂತರವನ್ನು ಅರ್ಧಕ್ಕಿಳಿಸಿದರೆ, ಸಮನಾಗಿ ಹರಡಿದ ಹೊರೆಯಲ್ಲಿ ಅವುಗಳ ಬಾಗು 16ನೆಯ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕಿಂತ ಅಗ್ಗವಾದ ವಿಮೆ ಮತ್ತೊಂದಿಲ್ಲ.

ಬಾಗಿನ ತರುವಾಯ ನೀರಿನ ವಿಚಾರ. ಹಸಿ ಹಾಸಿನ ನೀರನ್ನು ಹೀರಿದ ಹಲಗೆ ಅಡ್ಡಗಲಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಈ ಏಕಮುಖ ಚಲನೆಯೇ ಟೈಲ್ಸನ್ನು ಬುಡದಿಂದ ಎಬ್ಬಿಸುವುದು. ಎರೆಭೂಮಿಯ ಊರುಗಳಲ್ಲಿ ಇನ್ನೊಂದು ತೊಡಕುಂಟು. ಮಳೆಗಾಲಕ್ಕೆ ಹಿಗ್ಗಿ ಬೇಸಗೆಗೆ ಬಿರಿಯುವ ಈ ನೆಲದೊಡನೆ ಗೋಡೆಯೂ ಅಲುಗಿ ಬಿರಿಯುವುದರಿಂದ, ಗೋಡೆಯೊಳಗೆ ಹುದುಗಿದ ತೊಲೆಯ ತುದಿಗೆ ತೇವ ಇಳಿದು ಕಣ್ಣಿಗೆ ಕಾಣದಂತೆ ಅಲ್ಲಿಯೇ ಕೊಳೆಯುವಿಕೆ ಮೊದಲಾಗುತ್ತದೆ. 2019ರ ಆಗಸ್ಟಿನ ಅತಿವೃಷ್ಟಿಯಲ್ಲಿ ತೊಯ್ದು ನಿಂತ ಮನೆಗಳ ಯಜಮಾನರು ಈ ತುದಿಗಳನ್ನು ವಿಶೇಷವಾಗಿ ಪರೀಕ್ಷಿಸಿಕೊಳ್ಳಬೇಕು: ದಬ್ಬಣ ಚುಚ್ಚಿದಲ್ಲಿ ಸಲೀಸಾಗಿ ಇಳಿದರೆ, ಕೊಡಲಿಯ ಹಿಂಬದಿಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಒರಲೆಯ ಮಣ್ಣುಗೆರೆ ಕಂಡರೆ, ಆ ತೊಲೆಯನ್ನು ಬದಲಿಸದೆ ಮುಂದಕ್ಕೆ ಹೋಗತಕ್ಕದ್ದಲ್ಲ.

ತೊಲೆ ಸರಿಯಾಗಿದ್ದರೆ ಮುಂದಿನ ಕೆಲಸ ಕಠಿಣವಲ್ಲ. ಮಣ್ಣನ್ನೆಲ್ಲ ತೆಗೆದು ಹಲಗೆಯನ್ನು ಒಣಗಿಸಿ, ಸಡಿಲಗೊಂಡವನ್ನು ಮೊಳೆಯಿಂದಲ್ಲದೆ ಸ್ಕ್ರೂಗಳಿಂದ ಜಂತಿಗೆ ಬಿಗಿದು, ಮೇಲೆ ನೀರು ತಾಳುವ ಪ್ಲೈವುಡ್ಡನ್ನಾಗಲಿ ಸಿಮೆಂಟಿನ ಹಲಗೆಯನ್ನಾಗಲಿ ಕೀಲುಗಳು ಒಂದರ ನೇರಕ್ಕೊಂದು ಬಾರದಂತೆ ಹಾಸಬೇಕು. ಅದರ ಮೇಲೆ ಹಸಿ ಗಾರೆಯ ಬದಲು, ಮರದ ಮೇಲ್ಮೈಗೆಂದೇ ತಯಾರಿಸಿದ, ತುಸು ಬಾಗುವ ಗುಣವುಳ್ಳ ಟೈಲ್ಸಿನ ಅಂಟನ್ನು ಬಳಸಬೇಕು. ಇಂತಹ ಅಂಟುಗಳಿಗೆ ಐ.ಎಸ್. 15477 ಎಂಬ ಮಾನಕವಿದೆ, ಕೊಳ್ಳುವಾಗ ಚೀಲದ ಮೇಲೆ ಅದನ್ನು ನೋಡಿ ಕೊಳ್ಳಬಹುದು. ಟೈಲ್ಸುಗಳ ನಡುವೆ ಸಂದು ಬಿಡುವುದನ್ನೂ, ಗೋಡೆಯ ಬುಡದಲ್ಲಿ ಸುತ್ತಲೂ ತೆರಪು ಬಿಟ್ಟು ಅಂಚುಪಟ್ಟಿಯಿಂದ ಮರೆಮಾಡುವುದನ್ನೂ ಗೌಂಡಿಯು ಬೇಡವೆಂದರೂ ಯಜಮಾನನು ಬಿಡಕೂಡದು.

ಗೌಂಡಿಗಳನ್ನು ಹಳಿದು ಫಲವಿಲ್ಲ. ಕಾಂಕ್ರೀಟಿನ ಮೇಲೆ ಕೈ ಪಳಗಿದ ಅವರಿಗೆ ಮರದ ಸ್ವಭಾವವನ್ನು ಯಾರೂ ಕಲಿಸಿಕೊಟ್ಟಿಲ್ಲ. ಮರವನ್ನು ಬಲ್ಲ ಬಡಿಗರಿಗಾದರೋ ಇಂದು ಊರಿನಲ್ಲಿ ಕೆಲಸವೇ ಕಡಿಮೆಯಾಗಿದೆ. ಧಾರವಾಡದ ನಿರ್ಮಿತಿ ಕೇಂದ್ರವೂ ತಾಲ್ಲೂಕಿನ ಕೈಗಾರಿಕಾ ತರಬೇತಿ ಸಂಸ್ಥೆಗಳೂ ಈ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ಹಳೆಯ ಅಟ್ಟವೊಂದರ ಮೇಲೆಯೇ ಕೆಲವು ದಿನಗಳ ತರಬೇತಿಯನ್ನು ಏರ್ಪಡಿಸಬೇಕೆಂದು ನಾನು ವಿನಂತಿಸುತ್ತೇನೆ. ಅದಾಗುವವರೆಗೆ ತಿರ್ಲಾಪುರದ ಯಜಮಾನರು ಟೈಲ್ಸಿಗೆ ಮುಂಗಡ ಕೊಡುವ ಮೊದಲು ಬಡಿಗನೊಬ್ಬನನ್ನು ಕರೆದೊಯ್ದು ತೊಲೆಯ ತುದಿಗಳನ್ನು ತೋರಿಸಲಿ.