ಒಳ್ಳೆಯದನ್ನೇ ಯೋಚಿಸಿ ಎನ್ನುವ ಮೊದಲು

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿದ್ದು, ಮೈಸೂರು ರಸ್ತೆ ಮುಳುಗಿ ಸಂಚಾರ ನಿಂತದ್ದು ನಿಮಗೆ ನೆನಪಿರಬಹುದು. ಅದೇ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಎರಡೂ ನದಿಗಳು ತುಂಬಿ ಬಂದ ವರ್ಷ ಅಲ್ಲಿನ ದಡದ ರೈತರ ಎದೆ ನಡುಗುತ್ತದೆ. ನೆರೆ ಇಳಿದ ಮೇಲೆ ಮನೆಯ ಕೆಸರು ಬಾಚುತ್ತಿರುವ ತಾಯಿಗೆ, "ಎಲ್ಲ ಒಳ್ಳೆಯದಕ್ಕೇ ಆಗುತ್ತದಮ್ಮ, ಒಳ್ಳೆಯದನ್ನೇ ಯೋಚಿಸಿ" ಎಂದು ಹೇಳಿ ಹೊರಡುವುದು ಎಷ್ಟು ಸುಲಭ! ಆ ಮಾತಿನಿಂದ ಹಗುರವಾಗುವುದು ಯಾರ ಮನಸ್ಸು? ಕೇಳಿದವರದೋ, ಹೇಳಿದವರದೋ?

ಸಕಾರಾತ್ಮಕ ಚಿಂತನೆಯ ಈ ಬೋಧನೆಯನ್ನು ಲೋಕದಲ್ಲೆಲ್ಲ ಹಬ್ಬಿಸಿದವರಲ್ಲಿ ಪ್ರಮುಖರು ಒಬ್ಬ ಕ್ರೈಸ್ತ ಬೋಧಕರೇ: ಅಮೆರಿಕದ ನಾರ್ಮನ್ ವಿನ್ಸೆಂಟ್ ಪೀಲ್. ಅವರ ಪ್ರಸಿದ್ಧ ಗ್ರಂಥ ಪ್ರಕಟವಾದದ್ದು 1952ರಲ್ಲಿ. ಆದ್ದರಿಂದ ಇದರ ಬಗ್ಗೆ ಯೋಚಿಸುವ ಹೊಣೆ ನಮಗೂ ಇದೆ. ಒಳ್ಳೆಯ ಯೋಚನೆಯೇ ಒಳ್ಳೆಯ ಫಲ ತರುವುದಾದರೆ, ಕಷ್ಟಕ್ಕೆ ಸಿಲುಕಿದವನು ಕೆಟ್ಟದ್ದನ್ನು ಯೋಚಿಸಿದ್ದನೆಂದೇ ಅರ್ಥವಾಗುವುದಿಲ್ಲವೇ? ನೊಂದವನ ಹೆಗಲ ಮೇಲೆ ನಾವು ತಪ್ಪಿನ ಮೂಟೆಯನ್ನೂ ಹೊರಿಸುತ್ತೇವೆ. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದಾಗ ನಿಜವಾದ ಸ್ನೇಹಿತರಾಗಿದ್ದರು. ಬಾಯಿ ತೆರೆದು ಅವನಲ್ಲಿ ತಪ್ಪು ಹುಡುಕತೊಡಗಿದಾಗ ಕೆಟ್ಟರು.

ನಂಜನಗೂಡಿನ ರಸಬಾಳೆಯನ್ನೇ ನೋಡಿ. ಅದನ್ನು ವಿರಳವಾಗಿಸಿದ್ದು ಪನಾಮ ಸೊರಗು ರೋಗ. ಅದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಬದುಕಿದ್ದು, ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ; ಎಲೆ ಹಳದಿಯಾಗಿ ಜೋತುಬೀಳುತ್ತದೆ. ಹಳದಿ ಎಲೆಯನ್ನು ಹಸಿರೆಂದು ನಂಬಿದ ರೈತ ಆ ಗಿಡದ ಕಂದನ್ನೇ ಮತ್ತೆ ನೆಟ್ಟು ರೋಗವನ್ನು ಹರಡುತ್ತಾನೆ. ರೋಗವನ್ನು ಒಪ್ಪಿಕೊಂಡವನು ರೋಗವಿಲ್ಲದ ಸಸಿಯನ್ನು ಹುಡುಕುತ್ತಾನೆ. ಇವರಿಬ್ಬರಲ್ಲಿ ಭರವಸೆಯುಳ್ಳವನು ಯಾರು?

"ಹಾಗಾದರೆ ನಿರಾಶರಾಗಬೇಕೇ?" ಎಂದು ನೀವು ಕೇಳಬಹುದು. ಖಂಡಿತ ಬೇಡ. ಜರ್ಮನ್ ಮನೋವಿಜ್ಞಾನಿ ಗೇಬ್ರಿಯೆಲೆ ಎಟ್ಟಿಂಗನ್ ಅವರು 1991ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಅಧ್ಯಯನವೊಂದು ತೂಕ ಇಳಿಸಲು ಬಂದ ಮಹಿಳೆಯರನ್ನು ಕುರಿತದ್ದು. ತನ್ನಿಂದ ಸಾಧ್ಯವೆಂಬ ನಿರೀಕ್ಷೆ ಇದ್ದವರು ಹೆಚ್ಚು ತೂಕ ಇಳಿಸಿದರು. ಆದರೆ ಎಲ್ಲವೂ ಸಲೀಸಾಗಿ ಆಗಿಹೋಗುವುದೆಂದು ಹಗಲುಗನಸು ಕಂಡವರು ಕಡಿಮೆ ಇಳಿಸಿದರು. ಭರವಸೆ ಬೇರೆ, ಹಗಲುಗನಸು ಬೇರೆ. ಭರವಸೆ ಅಡ್ಡಿಯನ್ನು ಕಣ್ಣಾರೆ ಕಂಡು, ಅದನ್ನು ದಾಟುವ ದಾರಿಯನ್ನು ಹುಡುಕುತ್ತದೆ.

ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಅಳುವವರನ್ನು ಗದರಿಸಲಿಲ್ಲ; ತಾವೂ ಅತ್ತರು. ಅವನನ್ನು ಎಬ್ಬಿಸಲಿದ್ದವರೇ ಅತ್ತರೆಂದ ಮೇಲೆ, ಕಣ್ಣೀರು ವಿಶ್ವಾಸದ ಕೊರತೆಯೆಂದು ಹೇಳಲು ನಾವು ಯಾರು?

ಆದುದರಿಂದ ಮುಂದಿನ ಸಲ ನೊಂದವರ ಮನೆಗೆ ಹೋದಾಗ ಉಪದೇಶವನ್ನು ಹೊರಗೇ ಬಿಟ್ಟು ಹೋಗಿ. "ಏನಾಯಿತು?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿರಿ. ಒಂದು ಹೊತ್ತಿನ ಊಟ ಒಯ್ಯಿರಿ, ಪರಿಹಾರದ ಅರ್ಜಿ ಬರೆದುಕೊಡಿ. ವಾರಗಟ್ಟಲೆ ನಿದ್ರೆಯಿಲ್ಲದೆ, ಬದುಕೇ ಬೇಡವೆನ್ನುತ್ತಿದ್ದರೆ ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಒಳ್ಳೆಯದನ್ನು ಯೋಚಿಸಿರೆಂದು ಅವರಿಗೆ ಹೇಳುವ ಮೊದಲು, ಅವರಿಗಾಗಿ ಒಂದು ಒಳ್ಳೆಯ ಕೆಲಸವನ್ನು ನಾವು ಮಾಡೋಣ.