ಗಟ್ಟಿ ಕೈಯ ಆಳ್ವಿಕೆ ಮತ್ತು ಬರಿದಾದ ನಗರ

ಹೊಸಪೇಟೆ, ಸಂಡೂರು, ಕಂಪ್ಲಿಗಳಿಂದ ಹಂಪಿಗೆ ಬರುವ ಶ್ರಾವಕ ಕುಟುಂಬಗಳು ಗಾಣಗಿತ್ತಿ ಬಸದಿಯ ಮುಂದೆ ನಿಂತು ಸುತ್ತಲಿನ ಹಾಳನ್ನು ನೋಡುವಾಗ ಹಿರಿಯರ ಬಾಯಿಂದ ಒಂದು ಮಾತು ಸಹಜವಾಗಿ ಹೊರಡುತ್ತದೆ: ಯುದ್ಧಾನಂತರದ ಅರಾಜಕತೆಗಿಂತ ಗಟ್ಟಿ ಕೈಯ ಒಬ್ಬನ ಆಳ್ವಿಕೆಯೇ ಲೇಸು. ಕೇಳಲು ವಿವೇಕದಂತಿರುವ ಈ ಮಾತು ಪರಿಶೀಲಿಸಿದರೆ ಅರ್ಧಸತ್ಯವೆಂದು ತಿಳಿಯುತ್ತದೆ.

ಅದರಲ್ಲಿನ ಸತ್ಯಾಂಶವನ್ನು ಮೊದಲು ಒಪ್ಪಬೇಕು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗ ಮುಗಿದ ಬಳಿಕ ರಾಜಧಾನಿಯು ಹಲವು ತಿಂಗಳು ಸುಲಿಗೆಗೆ ಒಳಗಾಯಿತು. 1567ರಲ್ಲಿ ಇಲ್ಲಿಗೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್, ಮನೆಗಳು ನಿಂತಿದ್ದರೂ ಒಳಗೆ ಜನರಿಲ್ಲವೆಂದು ಬರೆದನು. ದಾರಿಗಳ್ಳರ ಭಯದಿಂದ ಏಳು ತಿಂಗಳು ಇಲ್ಲೇ ತಂಗಿದನು. ಅಂಥ ದಿನಗಳಲ್ಲಿ ಮೊದಲು ನಲುಗುವವರು ದುರ್ಬಲರು. ಅರಾಜಕತೆಯು ಹಿಂಸೆಯ ಹೆಬ್ಬಾಗಿಲೆಂಬುದನ್ನು ಅಹಿಂಸಾವ್ರತಿಗಳು ಮರೆಯುವಂತಿಲ್ಲ.

ಆದರೆ ಆ ಅರಾಜಕತೆ ಬಂದುದೆಲ್ಲಿಂದ? 1542ರ ಸುಮಾರಿನ ಗೊಂದಲದಲ್ಲಿ ಸಲಕರಾಜು ತಿರುಮಲನನ್ನು ಅಡಗಿಸಿ ಸದಾಶಿವರಾಯನಿಗೆ ಪಟ್ಟ ಕಟ್ಟಿದವನು ಅಳಿಯ ರಾಮರಾಯ. ಆಗ ಅವನು ರಕ್ಷಕನೇ ಹೌದು. ಕ್ರಮೇಣ ಅರಸನು ಅರಮನೆಯ ಬಂದಿಯಾದನು; ಸೈನ್ಯ, ಸಂಧಾನ, ಬೊಕ್ಕಸಗಳೆಲ್ಲ ರಾಮರಾಯ ಮತ್ತು ಅವನ ತಮ್ಮಂದಿರ ಕೈಸೇರಿದವು. ಸುಲ್ತಾನರನ್ನು ಒಬ್ಬರ ಮೇಲೊಬ್ಬರಂತೆ ಎತ್ತಿಕಟ್ಟಿದ ಅವನ ನೀತಿಯೇ ಕೊನೆಗೆ ಅವರನ್ನು ಒಂದುಗೂಡಿಸಿತು. ರಣರಂಗದಲ್ಲಿ ಅವನ ಶಿರಚ್ಛೇದವಾದೊಡನೆ ಸೇನೆ ಚದುರಿತು. ತಮ್ಮ ತಿರುಮಲನು ಅರಸನನ್ನೂ ಐಶ್ವರ್ಯವನ್ನೂ ಸಾಗಿಸಿಕೊಂಡು ಪೆನುಕೊಂಡೆಯತ್ತ ನಡೆದನು. ಕೋಟೆಗಳು ಇದ್ದವು, ಕಾಯುವ ಹೊಣೆ ಹೊತ್ತವರು ಇರಲಿಲ್ಲ. ಎಲ್ಲ ಹೊಣೆಯನ್ನೂ ಒಂದೇ ಮನೆತನ ಹೊತ್ತ ರಾಜ್ಯದಲ್ಲಿ ಇದು ಆಕಸ್ಮಿಕವಲ್ಲ. ಆದ್ದರಿಂದ ಸರ್ವಾಧಿಕಾರ, ಅರಾಜಕತೆಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದೇ ತಪ್ಪು. ಎರಡನೆಯದು ಮೊದಲನೆಯದರ ಫಲ.

ಬುಕ್ಕರಾಯನೂ ಅರಸನೇ. ಆದರೆ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಅವನು ಉಭಯ ಪಕ್ಷದ ಪ್ರಮುಖರನ್ನು ಕೂಡಿಸಿ ತೀರ್ಪಿತ್ತನು. ಅದು ಶ್ರವಣಬೆಳಗೊಳದ ಕಲ್ಲಿನಲ್ಲಿ ಕೆತ್ತಲ್ಪಟ್ಟಿತು. ಜೈನರ ಮನೆಮನೆಯಿಂದ ಒಂದೊಂದು ಹಣ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹಚ್ಚಿಸುವ ಹೊಣೆ ತಿರುಮಲೆಯ ತಾತಯ್ಯನಿಗೆ, ಅಂದರೆ ಎದುರು ಪಕ್ಷದವನಿಗೇ, ಸೇರಿತು. 1385ರಲ್ಲಿ ಇರುಗಪ್ಪ ದಂಡನಾಯಕನು ರಾಜಧಾನಿಯಲ್ಲೇ ಕುಂಥುನಾಥ ಚೈತ್ಯಾಲಯವನ್ನು ಕಟ್ಟಿಸಿದಾಗ ಬುಕ್ಕರಾಯನು ಬದುಕಿರಲಿಲ್ಲ. ಆ ಚೈತ್ಯಾಲಯವೇ ಇಂದಿನ ಗಾಣಗಿತ್ತಿ ಬಸದಿ.

ಈ ಪಾಠ ಬಸದಿಗಳ ಆಡಳಿತಕ್ಕೂ ಸಲ್ಲುತ್ತದೆ. ದಶಕಗಟ್ಟಲೆ ಒಬ್ಬರೇ ಅಧ್ಯಕ್ಷರಾಗಿರುವ ಟ್ರಸ್ಟಿನಲ್ಲಿ ಅಭಿಷೇಕ ವೇಳೆಗೆ ಸರಿಯಾಗಿ ನಡೆಯುತ್ತದೆ, ಜಗಳ ಕೇಳಿಸುವುದಿಲ್ಲ. ಆ ಮೌನವನ್ನು ಶಾಂತಿಯೆಂದು ಹೊಗಳಲಾಗುತ್ತದೆ. ಅವರು ಕಣ್ಮರೆಯಾದ ಮರುದಿನ ಲೆಕ್ಕದ ಪುಸ್ತಕವಾಗಲಿ ಬೀಗದ ಕೈಯಾಗಲಿ ಎಲ್ಲಿದೆಯೆಂದು ಯಾರಿಗೂ ತಿಳಿಯದೆ ಸಮಾಜ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಆಗ ಜನ ಹಳೆಯ ಅಧ್ಯಕ್ಷರನ್ನೇ ನೆನೆದು ನಿಟ್ಟುಸಿರಿಡುತ್ತಾರೆ, ಗೊಂದಲದ ಬೀಜ ಬಿತ್ತಿದವರು ಅವರೇ ಎಂಬುದನ್ನು ಮರೆಯುತ್ತಾರೆ.

ಶ್ರಾವಕನ ಪರಿಗ್ರಹ ಪರಿಮಾಣ ವ್ರತವು ಸಂಪತ್ತಿಗೆ ಮಿತಿ ಹೇಳುತ್ತದೆ. ಅಧಿಕಾರವೂ ಪರಿಗ್ರಹವೇ. ಅವಧಿಗೊಂದು ಮಿತಿ, ವರ್ಷಕ್ಕೊಮ್ಮೆ ಸಭೆಯ ಮುಂದೆ ಲೆಕ್ಕ, ಭಿನ್ನಾಭಿಪ್ರಾಯಕ್ಕೆ ಕಿವಿ, ಮುಂದಿನವರಿಗೆ ತರಬೇತಿ: ಇಷ್ಟನ್ನು ಶಾಂತಿಯ ದಿನಗಳಲ್ಲೇ ರೂಢಿಸಿಕೊಂಡ ಸಮಾಜಕ್ಕೆ ಗಟ್ಟಿ ಕೈಯನ್ನು ಹುಡುಕುವ ದುರ್ಗತಿ ಬಾರದು.